ಅಪ್ಪನ ತಿರುಗುವ ಸೀಟು

ಮನೆಯ ಕಾರಿಗೆ ಅಪ್ಪ ಇಟ್ಟ ಹೆಸರು ‘ಬೂದಿ’. ಬಣ್ಣ ಬೂದಿ, ಅಷ್ಟೇ ಕಾರಣ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರ ಕೈಗೆ ಅದೊಂದು ಆಟಿಕೆ. ಆದರೂ ರಜೆಯ ದಿನ ಬೆಳಿಗ್ಗೆ ಅದರ ಎಣ್ಣೆ ನೋಡಿ, ಟೈರಿಗೊಂದು ಒದೆ ಕೊಟ್ಟು, ಗಾಜು ಒರೆಸಿದ ಮೇಲೆಯೇ ಅವರು ತಿಂಡಿಗೆ ಕೂರುತ್ತಿದ್ದುದು.

ಸೊಂಟದ ಆಪರೇಷನ್ ಆಗಿ ಅವರ ಒಂದು ಕಾಲು ಸರಿಯಾಗಿ ಮಡಚದಂತಾಯಿತು. ಆಸ್ಪತ್ರೆಯಿಂದ ಕರೆತರುವಾಗ ಚಿಕ್ಕಪ್ಪ ಕಂಕುಳಿಗೆ ಕೈ ಹಾಕಿ, ಪಕ್ಕದ ಮನೆಯವರು ಕಾಲು ಹಿಡಿದು, ಅವರನ್ನು ಕಾರಿನಿಂದ ಎತ್ತಿ ಇಳಿಸಿದ್ದರು. ತಲೆ ಕಾರಿನ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಬೀದಿಯ ಕಿಟಕಿಗಳೆಲ್ಲ ತೆರೆದಿದ್ದವು.

“ನಾನೇನು ಗೋಣಿಚೀಲಾನಾ?” ಅಂದರು ಅಪ್ಪ, ಮನೆಯೊಳಗೆ ಕೂತ ಮೇಲೆ. “ಇನ್ಮೇಲೆ ನಾನಾಗೇ ಕೂರೋ ಹಾಗಿದ್ರೆ ಕಾರು. ಇಲ್ಲಾಂದ್ರೆ ಈ ಕುರ್ಚಿ.”

ಅವರು ಹೇಳಿದರೆ ಹೇಳಿದ್ದೇ. ಬೂದಿಯ ಮೇಲೆ ಧೂಳು ಕೂತಿತು. ಚಿಕ್ಕಪ್ಪ ಬಂದಾಗಲೆಲ್ಲ, “ಗುಜರಿಗೆ ಹಾಕಿ ಜಾಗ ಖಾಲಿ ಮಾಡಿ” ಅನ್ನುತ್ತಿದ್ದರು.

ಅಪ್ಪ ತಾವಾಗೇ ಕೂರುವ ಹಾಗೆ ಕಾರನ್ನು ಮಾರ್ಪಡಿಸಬೇಕೆಂದು ಮಗಳು ಮನಸ್ಸು ಮಾಡಿದಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಒಂದು ಮಾತ್ರೆಯನ್ನು ಗಿರಾಕಿ ಕೈಗೆ ಕೊಡುವ ಮೊದಲು ಅದರ ಹೆಸರು ಓದಿ, ಕೊಟ್ಟ ಮೇಲೂ ವಾಪಸ್ ಕೇಳಿ ಓದುತ್ತಿದ್ದಳು. ವಾಹನ ರಿಪೇರಿಯ ಸಂಜೆ ತರಗತಿಗೆ ಸೇರಿದಾಗಲೂ ಅದೇ ಕಥೆ. “ಇನ್ನೊಂದ್ಸಲ ನೋಡ್ಲಾ ಸರ್?” ಎಂದು ಕೇಳಿ ಕೇಳಿ, ಜೊತೆಯವರು ಅವಳಿಗೆ ‘ಇನ್ನೊಂದ್ಸಲ’ ಅಂತಲೇ ಹೆಸರಿಟ್ಟಿದ್ದರು.

ಅಲ್ಲಿನ ಮೇಷ್ಟ್ರ ಗ್ಯಾರೇಜಿನ ಹಿತ್ತಲಲ್ಲಿ ಬಿದ್ದಿದ್ದ ಒಂದು ಹಳೆಯ ವ್ಯಾನಿನಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು: ಸೀಟನ್ನು ಬಾಗಿಲ ಕಡೆಗೆ ತಿರುಗಿಸುವ ಕಬ್ಬಿಣದ ತಟ್ಟೆ. ತುಕ್ಕು ಉಜ್ಜಿ, ಗ್ರೀಸು ಹಚ್ಚಿ, ಬೂದಿಯ ಅಳತೆಗೆ ತೂತು ಕೊರೆದು, ಚಾಲಕನ ಪಕ್ಕದ ಸೀಟಿನಡಿ ಕೂರಿಸಿದಳು. ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಉಗುರಿನ ಕಪ್ಪು ಅಂಗಡಿಯ ಸೋಪಿಗೂ ಜಗ್ಗಲಿಲ್ಲ. ಮೇಷ್ಟ್ರು ಬಂದು ಎಲ್ಲ ಎಳೆದು, ಅಲ್ಲಾಡಿಸಿ ನೋಡಿ, ನಡುವಿನ ದಪ್ಪ ನಟ್ಟಿನಿಂದ ತಟ್ಟೆಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು.

“ಮೂಲೆ ಬೋಲ್ಟುಗಳು ಗಟ್ಟಿ ಕೂತಿವೆ. ಅವು ಸೀಟನ್ನ ಹಿಡ್ಕೊಳ್ಳೋವು. ಈ ನಟ್ಟು ತಿರುಗಿಸೋದು. ಗೆರೆ ಗೆರೆಗೆ ಕೂಡಿದ್ರೆ ಸರಿ ಇದೆ ಅಂತ. ಆಮೇಲೆ ಕೈ ಬಿಡ್ಬೇಕು, ಗೊತ್ತಾಯ್ತಾ?”

ಅವಳು ತಲೆಯಾಡಿಸಿದಳು. ಅಂದು ಅಮ್ಮನನ್ನು ಕೂರಿಸಿದಾಗ ಸೀಟು ಬೆಣ್ಣೆಯಂತೆ ತಿರುಗಿತು. “ಅಯ್ಯೋ, ನನ್ನ ಮದುವೇಲೂ ಇಂಥ ಕುರ್ಚಿ ಇರ್ಲಿಲ್ಲ” ಅಂದರು ಅಮ್ಮ.

ಆದರೆ ಕೈ ಬಿಡುವುದು ಮಗಳ ಕೈಗೆ ಬರುವ ವಿದ್ಯೆಯಲ್ಲ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಸೀಟಿನಡಿ ಸ್ಪ್ಯಾನರ್ ತೂರಿಸಿ, ಆ ನಟ್ಟನ್ನು ತಡವಿ, ಒಂಚೂರು ಬಿಗಿ ಮಾಡುವಳು. ಸಡಿಲವಾಗಿ ಅಪ್ಪ ಬಿದ್ದುಬಿಟ್ಟರೆ? ಇನ್ನೊಂಚೂರು. ಸೀಟು ತಿರುಗಲು ಮೊಂಡು ಹಿಡಿದಂತೆ ಕಂಡಾಗ, ಗಟ್ಟಿಯಾಗಿದೆ ಅಂತಲೇ ಸಮಾಧಾನಪಟ್ಟಳು.

ಅಷ್ಟರಲ್ಲಿ, ಅಪ್ಪನ ಬಸ್ಸನ್ನು ವರ್ಷಗಟ್ಟಲೆ ‘ರೈಟ್’ ಕೂಗಿ ಹೊರಡಿಸುತ್ತಿದ್ದ ಜೋಡಿ ಕಂಡಕ್ಟರರ ಫೋನ್ ಬಂತು. ಅವರಿಗೂ ನಿವೃತ್ತಿ, ಡಿಪೋದಲ್ಲಿ ಬೀಳ್ಕೊಡುಗೆ. “ನೀನು ಬರ್ದಿದ್ರೆ ನಾನು ಕೊನೇ ರೈಟ್ ಯಾರಿಗಯ್ಯಾ ಹೇಳ್ಲಿ?”

ಅಪ್ಪ ಫೋನ್ ಕೆಳಗಿಟ್ಟರು. ಆಮೇಲೆ ಮಗಳ ಕಡೆ ತಿರುಗಿ, “ನಿನ್ನ ಸೀಟು ನೋಡೋಣ” ಅಂದರು.

ಬೀಳ್ಕೊಡುಗೆಯ ದಿನ ಬೂದಿ ಮಿರಮಿರ ಮಿಂಚುತ್ತಿತ್ತು. ಅಪ್ಪ ಹಳೆಯ ಸಮವಸ್ತ್ರದ ಅಂಗಿಗೆ ಇಸ್ತ್ರಿ ಹಾಕಿಸಿ ತೊಟ್ಟು, ಕೋಲೂರಿಕೊಂಡು ಬಂದರು. ಬೀದಿಯ ಕಿಟಕಿಗಳು ಇಂದೂ ತೆರೆದಿದ್ದವು. ಮಗಳು ಹಿಂದಿನ ದಿನವೇ ಕಷ್ಟಪಟ್ಟು ಹೊರಕ್ಕೆ ತಿರುಗಿಸಿಟ್ಟಿದ್ದ ಸೀಟಿನ ಮೇಲೆ ಅವರು ತಾವಾಗಿಯೇ ಕೂತರು. ಅಮ್ಮ ಉಸಿರು ಬಿಟ್ಟರು. ಮಗಳು ಸೀಟಿನ ಬದಿಯ ಚಿಲಕ ಎತ್ತಿ ಅದನ್ನು ಒಳಕ್ಕೆ ತಳ್ಳಿದಳು.

ಸೀಟು ಜಪ್ಪಯ್ಯ ಅನ್ನಲಿಲ್ಲ.

ಮತ್ತೆ ತಳ್ಳಿದಳು. ಊಹೂಂ.

“ನಾನು ಅವತ್ತೇ ಹೇಳ್ಲಿಲ್ವಾ?” ಚಿಕ್ಕಪ್ಪ ಅಂಗಿಯ ತೋಳು ಮಡಚುತ್ತ ಮುಂದೆ ಬಂದರು. “ಬಿಡಮ್ಮ, ನಾನು ಈ ಕಡೆ ಹಿಡೀತೀನಿ, ಪಕ್ಕದ್ಮನೆಯವ್ರು ಆ ಕಡೆ. ಒಂದೇ ಏಟಿಗೆ ಒಳಗೆ.”

“ಮುಟ್ಟಿದ್ರೆ ನೋಡು,” ಅಂದರು ಅಪ್ಪ. ದನಿ ಮೆತ್ತಗಿತ್ತು, ಕೋಲು ಮಾತ್ರ ಅಡ್ಡಕ್ಕೆ ಬಂತು.

ಮಗಳು ಹಿಂದಿನ ಬಾಗಿಲು ತೆಗೆದು, ಇಸ್ತ್ರಿ ಬಟ್ಟೆಯಲ್ಲೇ ಕಾರಿನ ನೆಲಕ್ಕೆ ಮಲಗಿ, ಸೀಟಿನಡಿ ಟಾರ್ಚ್ ಬಿಟ್ಟಳು. ಇಷ್ಟು ದಿನ ತಡವಿದ್ದೇ ಹೊರತು ಕಣ್ಣಿಟ್ಟು ನೋಡಿರಲಿಲ್ಲ. ನಟ್ಟಿನ ಮೇಲಿನ ಬಿಳಿ ಗೆರೆ ತಟ್ಟೆಯ ಗೆರೆಯನ್ನು ದಾಟಿ ಎಲ್ಲೋ ಹೋಗಿತ್ತು. ಬೇರೆ ಯಾರೂ ಮುಟ್ಟಿರಲಿಲ್ಲ.

“ಅಪ್ಪ,” ಅವಳು ಸೀಟಿನಡಿಯಿಂದಲೇ ಅಂದಳು, “ನಾನೇ ಜಾಸ್ತಿ ಬಿಗಿ ಮಾಡ್ಬಿಟ್ಟಿದ್ದೀನಿ. ದಿನಾ ಮಾಡ್ತಿದ್ದೆ.”

ಮೇಲಿನಿಂದ ನಗು ಕೇಳಿಸಿತು. “ಹೊಸ ಡ್ರೈವರುಗಳು ಸ್ಟೇರಿಂಗ್ ಹಿಡಿಯೋದೂ ಹಿಂಗೇ. ಬೆರಳು ಬಿಳಿಚೋ ಹಾಗೆ. ಸಡಿಲ ಬಿಡು ಮಗಳೇ, ನಾನು ಇಲ್ಲೇ ಕೂತಿರ್ತೀನಿ. ಗಾಳಿ ಚೆನ್ನಾಗಿದೆ.”

ನಟ್ಟನ್ನು ಹಿಂದಕ್ಕೆ ತಿರುಗಿಸುವಾಗ ಅವಳ ಎದೆ ಡವಡವ ಅನ್ನುತ್ತಿತ್ತು. ಬಿಗಿ ಮಾಡುವಾಗ ಎಂದೂ ಹಾಗಾಗಿರಲಿಲ್ಲ. ಗೆರೆ ಗೆರೆಗೆ ಕೂಡಿತು. ಕೈ ಮತ್ತೆ ಒಂಚೂರು ಬಿಗಿ ಮಾಡಲು ಹವಣಿಸಿತು. ಸ್ಪ್ಯಾನರನ್ನು ಹೊರಕ್ಕೆಳೆದು ಅಮ್ಮನ ಕೈಗೆ ಕೊಟ್ಟುಬಿಟ್ಟಳು. “ನಾನು ಕೇಳಿದ್ರೂ ಕೊಡ್ಬೇಡ.”

ಅಪ್ಪ ಕೋಲನ್ನು ನೆಲಕ್ಕೂರಿ ಸ್ವಲ್ಪ ಒತ್ತಿದರು, ಅಷ್ಟೇ. ಸೀಟು ಅವರನ್ನು ಹೊತ್ತು, ಕಾಲು ಮಡಚುವ ಗೋಜಿಲ್ಲದೆ, ಮೆಲ್ಲಗೆ ಒಳಕ್ಕೆ ತಿರುಗಿತು. ಚಿಲಕ ಟಕ್ ಎಂದು ಕೂತಿತು. ಎದುರು ಮನೆಯ ಮಹಡಿಯಿಂದ ಯಾರೋ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ಮಡಚಿದ ತೋಳನ್ನು ಬಿಚ್ಚಿಕೊಳ್ಳುತ್ತ, “ಗುಜರೀಲಿ ಇಂಥದ್ದು ಸಿಗುತ್ತೆ ಅಂತ ನಂಗೇನು ಗೊತ್ತು” ಎಂದು ಗೊಣಗಿ ಹಿಂದಿನ ಸೀಟಿಗೆ ಹತ್ತಿದರು.

ಮಗಳೇ ಕಾರು ಓಡಿಸಿದಳು. ಡಿಪೋದ ಅಂಗಳದಲ್ಲಿ ಖಾಕಿ ಅಂಗಿಯವರೆಲ್ಲ ಸುತ್ತುವರಿದರು. ಅಪ್ಪ ಯಾರ ಕೈಯನ್ನೂ ಹಿಡಿಯದೆ, ಚಿಲಕ ತಾವೇ ಎತ್ತಿ, ಬಾಗಿಲ ಕಡೆಗೆ ತಿರುಗಿ, ಕೋಲೂರಿ ಎದ್ದು ನಿಂತರು. ಆಮೇಲೆ ಒಬ್ಬೊಬ್ಬರೇ ಕೂತು ತಿರುಗಿ ನೋಡತೊಡಗಿದರು. ಭಾರಿ ದಪ್ಪನೆಯವರೂ ಕೂರುವುದನ್ನು ಕಂಡು ಮಗಳಿಗೆ ಜೀವ ಹೋಗಿ ಬರುತ್ತಿತ್ತು.

“ಯಾವ ಗ್ಯಾರೇಜಲ್ಲಿ ಮಾಡಿಸ್ದಯ್ಯಾ?” ಕಂಡಕ್ಟರ್ ಕೇಳಿದರು.

“ಗ್ಯಾರೇಜು ಮನೇಲೇ ಇದೆ,” ಅಪ್ಪ ಅವಳ ಭುಜದ ಮೇಲೆ ಕೈಯಿಟ್ಟರು. “ಸಂಜೆ ಹೊತ್ತು ಕ್ಲಾಸಿಗೆ ಹೋಗುತ್ತೆ.”

ಹೊರಡುವಾಗ ಅಪ್ಪ ಮತ್ತೆ ಕೂತು ಒಳಕ್ಕೆ ತಿರುಗಿದರು. ಮಗಳ ಕಣ್ಣು ಅಭ್ಯಾಸಬಲದಿಂದ ಸೀಟಿನಡಿಗೆ ಹೋಯಿತು. ಅಷ್ಟರಲ್ಲಿ ಕಂಡಕ್ಟರ್ ಬೂದಿಯ ಬೆನ್ನಿಗೆ ಎರಡು ಬಾರಿ ಬಡಿದು, ಇಡೀ ಡಿಪೋಗೆ ಕೇಳುವ ಹಾಗೆ ಕೂಗಿದರು:

“ರೈಟ್!”

ಅವಳು ಕಣ್ಣನ್ನು ರಸ್ತೆಗೆ ತಂದು ಕಾರು ಹೊರಡಿಸಿದಳು.