ಒಂದು ಮಂಚವೋ, ಎರಡೋ

“ಒಂದೇ ದೊಡ್ಡ ಮಂಚ ಹಾಕ್ಲಾ ಸಾರ್, ಎರಡು ಬೇರೆ ಬೇರೆ ಹಾಕ್ಲಾ?”

ಪ್ರವಾಸದ ಏಜೆಂಟ್ ಕೇಳಿದ್ದು ಇಷ್ಟೇ. ಕೇಳಿ, ಕೀಲಿಮಣೆಯ ಮೇಲೆ ಬೆರಳೆತ್ತಿಕೊಂಡು ಕಾದ.

ಮೇಜಿನ ಈಚೆ ಕೂತಿದ್ದ ಅವನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಇದಕ್ಕೆ ಮುಂಚಿನ ಏಳು ಪ್ರಶ್ನೆಗಳಿಗೆ ಅರಳು ಹುರಿದಂತೆ ಉತ್ತರಿಸಿದ್ದ. ಫಿಲಿಪೀನ್ಸಿಗೆ ಯಾವ ತಿಂಗಳು? ಫೆಬ್ರವರಿ, ಆಗ ಮಳೆಯೂ ಕಡಿಮೆ, ಚಂಡಮಾರುತವೂ ಕಡಿಮೆ. ಎಷ್ಟು ದ್ವೀಪ ನೋಡ್ತೀರಿ? ಇರುವುದು ಏಳು ಸಾವಿರಕ್ಕೂ ಮೇಲೆ, ಮೂರು ಸಾಕು. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಹೇಳುತ್ತಿರುವವನು. ವಿದ್ಯಾರ್ಥಿಗಳು ಅವನಿಗೆ ‘ಗೋಳು’ ಎಂದು ಅಡ್ಡಹೆಸರಿಟ್ಟಿದ್ದರು. ಭೂಮಿಯನ್ನು ಯಾವತ್ತೋ ಕೈಬಿಟ್ಟಿದ್ದರು.

“ಮನೇಲಿ ಕೇಳಿ ಹೇಳ್ತೀನಿ,” ಎಂದ.

“ಕೇಳಿ ಸಾರ್, ಟೆನ್ಷನ್ನೇ ಬೇಡ. ಐದು ಗಂಟೆಯೊಳಗೆ ಹೇಳ್ಬಿಡಿ, ಆಮೇಲೆ ರೂಮು ಕೈತಪ್ಪುತ್ತೆ.” ಏಜೆಂಟ್ ಕಣ್ಣು ಕಿರಿದು ಮಾಡಿ ನಕ್ಕ. “ಜಗಳ ಗಿಗಳ ಇಲ್ಲ ತಾನೆ?”

“ಛೆ ಛೆ.”

ಸುಳ್ಳೇನಲ್ಲ. ಜಗಳವಾಡಬೇಕಾದರೆ ಇಬ್ಬರೂ ಒಂದೇ ಕೋಣೆಯಲ್ಲಿರಬೇಕಾಗುತ್ತದೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷದ ಹಿಂದೆ ಅವಳಿಗೆ ರಾತ್ರಿಪಾಳಿ ಬಿದ್ದಾಗ, ಬೆಳಿಗ್ಗೆ ಬಂದು ಮಲಗುವವಳ ನಿದ್ದೆ ಕೆಡದಿರಲೆಂದು ಅವನೇ ದಿಂಬು ಬಗಲಲ್ಲಿಟ್ಟುಕೊಂಡು ಆಚೆ ಕೋಣೆಗೆ ನಡೆದಿದ್ದ. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅತ್ತೆ ನಾಲ್ಕು ಜನರೆದುರು ಹೇಳಿದ್ದರು. ಎರಡು ವರ್ಷಕ್ಕೆ ಅವಳಿಗೆ ಬಡ್ತಿಯಾಯಿತು, ಪಾಳಿ ಹಗಲಿಗೆ ಬಂತು. ದಿಂಬು ಮಾತ್ರ ಬರಲಿಲ್ಲ. ಮೊದಲನೆಯ ದಿನ ಅವಳು ಕರೆಯಲಿ ಎಂದು ಅವನು ಕಾದ. ಅವನೇ ಬರಲಿ ಎಂದು ಅವಳು ಕಾದಳೋ, ಸುಮ್ಮನೆ ನಿದ್ದೆ ಹೋದಳೋ, ತಿಳಿಯದು. ಎರಡನೆಯ ದಿನ ಅವನಿಗೆ ನೆಗಡಿ. ಮೂರನೆಯ ದಿನದ ಹೊತ್ತಿಗೆ ಅದೊಂದು ಏರ್ಪಾಡಾಗಿ ಹೋಗಿತ್ತು.

ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು, ಎಲ್ಲಾದರೂ ಹೋಗಿಬನ್ನಿ ಎಂದು ಹಾಸ್ಟೆಲಿನಲ್ಲಿರುವ ಮಗಳು ಹಟ ಹಿಡಿಯದಿದ್ದರೆ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಿದ ಕೂಡಲೇ ಅವನಿಗೆ ಗೊತ್ತಾಗಿತ್ತು: ತನಗೆ ಬೇಕಾಗಿರುವುದು ಒಂದೇ ಮಂಚ. ಸಮುದ್ರವಲ್ಲ, ದ್ವೀಪವಲ್ಲ. ಹೇಳಿದರೆ ಅವಳು ಏನೆಂದುಕೊಳ್ಳುತ್ತಾಳೋ ಎಂಬುದಷ್ಟೇ ಗೊತ್ತಿರಲಿಲ್ಲ.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಹಿಡಿದುಕೊಂಡರು. “ಸಾರ್, ನಮ್ಮ ಪ್ರಿನ್ಸಿಪಾಲ್ರು ವಿಮಾನ ಹತ್ತಿದ್ರೆ ಹೇಗೆ ಮಾತಾಡ್ತಾರೆ, ಮಾಡಿ ತೋರ್ಸಿ.”

ಅವನು ಗಂಟಲು ಸರಿಮಾಡಿಕೊಂಡ. “ಪೈಲಟ್ ಅವರೇ, ಹಾರುವುದಕ್ಕೆ ಲಿಖಿತ ಅನುಮತಿ ಪಡೆದಿದ್ದೀರಾ? ಈ ಮೋಡಗಳು ಯಾಕೆ ಸಮವಸ್ತ್ರದಲ್ಲಿಲ್ಲ?”

ಮೇಡಂ ಕೆಮ್ಮುವಷ್ಟು ನಕ್ಕರು. ಬೇರೆಯವರ ದನಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಯಾರನ್ನಾದರೂ ಐದು ನಿಮಿಷ ಕೇಳಿದರೆ ಸಾಕು, ಆರನೆಯ ನಿಮಿಷಕ್ಕೆ ಅವರೇ ಆಗಿಬಿಡುತ್ತಿದ್ದ. ಹೊಸತರಲ್ಲಿ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಚೆಗೆ ಒಮ್ಮೆ, ನಗದೆ, “ಈಗ ಮಾತಾಡ್ತಿರೋದು ಯಾರು?” ಎಂದು ಕೇಳಿದ್ದಳು.

ಮೂರು ಗಂಟೆಗೆ ಖಾಲಿ ತರಗತಿಯೊಂದಕ್ಕೆ ಹೋಗಿ ಬಾಗಿಲು ಮುಂದೆ ಮಾಡಿದ. ‘ನೋಡು, ನನಗೇನೋ ಒಂದೇ ಇರಲಿ ಅನ್ಸುತ್ತೆ’ ಎಂದು ಬೆಂಚುಗಳಿಗೆ ಎರಡು ಸಲ ಹೇಳಿದ. ಬೆಂಚುಗಳು ಆಕ್ಷೇಪಿಸಲಿಲ್ಲ. ಫೋನು ಮಾಡಿದ.

“ಹೇಳಿ,” ಎಂದಳು ಅವಳು. ಹಿಂದೆ ವಾರ್ಡಿನ ತಳ್ಳುಗಾಡಿಯ ಚಕ್ರ ಕಿರುಗುಟ್ಟಿತು.

ಅವನ ಬಾಯಿಂದ ಹೊರಟದ್ದು ಏಜೆಂಟನ ದನಿ. “ಮೇಡಂ, ಒಂದೇ ದೊಡ್ಡ ಮಂಚ ಹಾಕ್ಲಾ, ಎರಡು ಬೇರೆ ಬೇರೆ ಹಾಕ್ಲಾ? ಟೆನ್ಷನ್ನೇ ಬೇಡ.”

ಅವಳು ನಗಲೆಂದು ಕಾದ. ಚಕ್ರದ ಸದ್ದು ನಿಂತಿತು.

“ನಮ್ಮನೆಯವರು ಏನಂದ್ರು?” ಎಂದಳು, ಅಪರಿಚಿತರೊಡನೆ ಆಡುವ ಮರ್ಯಾದೆಯಲ್ಲಿ.

“ಅವರು… ನಿಮ್ಮನ್ನೇ ಕೇಳಿ ಅಂದ್ರು ಮೇಡಂ.”

“ಅವರಿಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಸಾರ್.”

ಫೋನಿನಲ್ಲಿ ಅವನ ಹೆಸರು ಕಂಡೇ ಇರುತ್ತದೆ. ಕಂಡೂ ಸಾರ್ ಎಂದಳು. ತಮಾಷೆಗೆ ತಮಾಷೆ ಸೇರಿಸಿದಳೋ, ಬಾಗಿಲು ಹಾಕಿದಳೋ? ಕಪ್ಪುಹಲಗೆಯ ಮೇಲೆ ಯಾರೋ ಅರ್ಧ ಅಳಿಸಿಬಿಟ್ಟ ಭೂಪಟವಿತ್ತು. ಉಳಿದರ್ಧವನ್ನು ಅವನು ಒರೆಸಿ ಹೊರಗೆ ಬಂದ.

ಮನೆಗೆ ಬಂದಾಗ ನಾಲ್ಕೂ ಮುಕ್ಕಾಲು. ಅವಳೂ ಆಗಷ್ಟೇ ಬಂದಿದ್ದಳು. ಊಟದ ಮೇಜಿನ ಮುಂದೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಎದುರು ಕುರ್ಚಿಯಲ್ಲಿ ಕೂತ. ಅವಳು ನಾಲ್ಕು ತೊಳೆ ಬಿಡಿಸಿ ಅವನ ಕಡೆ ಸರಿಸಿದಳು.

“ಏಜೆಂಟ್ ಫೋನು ಮಾಡಿದ್ನಾ?” ಎಂದ.

“ಮಾಡಿದ್ರು.”

“ಏನಂದೆ?”

“ಹೇಳಿದ್ದೀನಲ್ಲ.”

ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಏಜೆಂಟ್ ಚಿತ್ರವೊಂದನ್ನು ಕಳಿಸಿದ್ದ: ‘ರೂಮು ಹೀಗಿರುತ್ತೆ ಸಾರ್. ಒಂದಾ ಎರಡಾ? ಇನ್ನು ಹತ್ತೇ ನಿಮಿಷ.’

ಅವನು ಫೋನನ್ನು ಮೇಜಿನ ನಡುವೆ ಇಟ್ಟ. ಅವಳು ಕೈಯೊರೆಸಿ ಕನ್ನಡಕ ಹಾಕಿಕೊಂಡಳು. ಕಿಟಕಿಯಲ್ಲಿ ನೀಲಿ ಸಮುದ್ರ. ಮುಂದೆ ಸುಕ್ಕಿಲ್ಲದ ಬಿಳಿ ಹಾಸಿಗೆ. ಅದರ ಮೇಲೆ ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು ಎರಡು ಹಂಸ.

“ಟವೆಲ್ ಅಲ್ವಾ ಇದು?”

“ಹೂಂ. ಮಡಚಿ ಮಾಡಿರೋದು.”

“ಚೆನ್ನಾಗಿದೆ.”

“ಹೂಂ.”

“ಸ್ನಾನ ಆದ್ಮೇಲೆ ಮೈ ಒರೆಸ್ಕೊಳ್ಳೋಕೆ?”

“ಇದನ್ನೇ ಬಿಚ್ಚಬೇಕು.”

ಅವಳು ಚಿತ್ರವನ್ನು ಹಿಗ್ಗಿಸಿ, ವಾರ್ಡಿನಲ್ಲಿ ಹಾಸಿಗೆ ತಪಾಸಣೆ ಮಾಡುವವಳ ಹಾಗೆ ನೋಡಿದಳು. “ಒಂದಕ್ಕೊಂದು ಆನಿಸಿದ್ದಾರೆ ಅಷ್ಟೆ. ಒಂದನ್ನ ತೆಗೆದ್ರೆ ಇನ್ನೊಂದು ಮಗುಚುತ್ತೆ.”

“ಹಾಗಾದ್ರೆ ಏನು ಹೇಳ್ಲಿ?”

“ನೀವು ಹೇಳಿ.”

ಫೋನಿನ ಮೂಲೆಯಲ್ಲಿ ಗಂಟೆ 4:57 ಆಯಿತು. ಪರದೆ ಮಂಕಾಯಿತು. ಅವಳು ಬೆರಳು ತಾಗಿಸಿದಳು, ಹಂಸಗಳು ಬೆಳಗಿದವು. ಸ್ವಲ್ಪ ಹೊತ್ತಿಗೆ ಮತ್ತೆ ಮಂಕಾಯಿತು. ಈ ಸಲ ಅವನು ತಾಗಿಸಿದ. ಆಮೇಲೆ ಅವಳು. ಐದು ಕಳೆದ ಮೇಲೂ, ಸರದಿ ತಪ್ಪದೆ, ಇಬ್ಬರೂ ಅವನ್ನು ಆರದಂತೆ ನೋಡಿಕೊಂಡರು. ಎರಡು ಬೆರಳು ಒಮ್ಮೆಯೂ ಒಟ್ಟಿಗೆ ಹೋಗಲಿಲ್ಲ.