ದೂರು ಬಾರದ ಬಡಾವಣೆ

ಬಿರುಗಾಳಿ ಬಂದು ಹೋದ ಮೇಲೆ ಊರಿನ ಅರ್ಧಕ್ಕರ್ಧ ಮೊಬೈಲ್ ಟವರ್‌ಗಳು ಮಲಗಿಬಿಟ್ಟಿದ್ದವು. ಅವುಗಳನ್ನು ಎಬ್ಬಿಸಬೇಕಾದ ಮೆಕ್ಯಾನಿಕ್‌ಗೆ ಮಾತ್ರ ಮಲಗುವ ಭಾಗ್ಯವಿರಲಿಲ್ಲ. ಡೀಸೆಲ್ ಕ್ಯಾನು ಹೊತ್ತು ಒಂದು ಟವರಿನ ಜನರೇಟರ್ ಚಾಲೂ ಮಾಡಿ ಇನ್ನೊಂದಕ್ಕೆ ಓಡುವಷ್ಟರಲ್ಲಿ ಮೊದಲಿನದು ಕೆಮ್ಮಿ ನಿಲ್ಲುತ್ತಿತ್ತು. ಸಾಕಪ್ಪಾ ಸಾಕು ಅನ್ನಿಸಿತ್ತು ಅವನಿಗೆ.

ಕಂಟ್ರೋಲ್ ರೂಮಿನ ಪರದೆಗಳೂ ಕೆಟ್ಟು ಕೂತಿದ್ದರಿಂದ, ಯಾವ ಟವರಿಗೆ ಮೊದಲು ಡೀಸೆಲ್ ಎನ್ನುವುದಕ್ಕೆ ಜನರ ದೂರೇ ಆಧಾರ. ಅತ್ತ ಮಗುವಿಗೇ ಹಾಲು.

"ಗಿರಣಿ ಹಿಂದಿನ ಬಡಾವಣೆಯಿಂದ ಒಂದೂ ದೂರಿಲ್ಲ ಕಣಯ್ಯಾ, ಅಲ್ಲೆಲ್ಲಾ ಸರಿಯಾಗಿದೆ," ಎಂದಿದ್ದರು ಸೂಪರ್‌ವೈಸರ್.

ಅವನ ಅಕ್ಕ ಇದ್ದದ್ದು ಅಲ್ಲೇ. ಭಾವನಿಗೆ ಉಸಿರಾಟದ ಕಾಯಿಲೆ, ಕರೆಂಟಿದ್ದರೆ ಮಾತ್ರ ನಡೆಯುವ ಆಕ್ಸಿಜನ್ ಯಂತ್ರ. "ಉಂಡ್ಯೇನೋ?" ಎಂದು ದಿನಾ ಫೋನ್ ಮಾಡಿ ತಲೆ ತಿನ್ನುವ ಅಕ್ಕ ನಿನ್ನೆಯಿಂದ ಸುಮ್ಮನಿದ್ದಳು. ಸದ್ಯ, ನನ್ನ ಕಷ್ಟ ಅವಳಿಗೂ ಅರ್ಥವಾಯಿತು ಅಂದುಕೊಂಡು ಅವನೂ ಸುಮ್ಮನಿದ್ದ.

ಮಾರುಕಟ್ಟೆಯ ಟವರಿಗೆ ಡೀಸೆಲ್ ಸುರಿಯುವಾಗ ಅಂಗಡಿಯವನೊಬ್ಬ ಜಗಳಕ್ಕೇ ಬಂದ. "ನಿಮ್ಮನ್ನ ಬೈಯೋಕೂ ಸಿಗ್ನಲ್ ಇರ್ಲಿಲ್ಲ ರೀ! ಸೇತುವೆ ದಾಟಿ ಹೋಗಿ ಬೈದು ಬಂದೆ!"

ಮೆಕ್ಯಾನಿಕ್‌ನ ಕೈ ಅಲ್ಲೇ ನಿಂತಿತು. ಗಿರಣಿಯ ದಾರಿಗೆ ಅಡ್ಡಲಾಗಿ ಮರಗಳು ಬಿದ್ದಿದ್ದವು. ಅಲ್ಲಿನವರು ಯಾವ ಸೇತುವೆ ದಾಟಿ ಬೈಯಬೇಕು? ಟವರು ಎದ್ದ ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದ. ಹೋಗಲೇ ಇಲ್ಲ.

ಉಳಿದ ಕ್ಯಾನು ಹೆಗಲಿಗೇರಿಸಿ, ಬಿದ್ದ ಮರಗಳ ಮೇಲೆ ಹತ್ತಿ ಇಳಿದು ಅಲ್ಲಿಗೆ ತಲುಪಿದ. ಮೊದಲು ಅಕ್ಕನ ಮನೆಗೆ ಓಡಬೇಕೆನಿಸಿತು. ಆದರೆ ಆಂಬ್ಯುಲೆನ್ಸ್ ಕರೆಯಲಿಕ್ಕೂ ಟವರೇ ಬೇಕಲ್ಲ. ಜನರೇಟರ್ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಸುತ್ತಲಿನ ಕಿಟಕಿಗಳಿಂದ ಫೋನುಗಳು ಕೂಗತೊಡಗಿದವು. ಅವನ ಜೇಬಿನಲ್ಲಿ ಅಕ್ಕನ ಮೆಸೇಜು ಬಂದು ಬಿತ್ತು: ಕರೆಂಟ್ ಹೋಯ್ತು ಕಣೋ, ಭಾವಂಗೆ ಉಸಿರು ಸಿಕ್ತಿಲ್ಲ, ಬೇಗ ಬಾ.

ಎದ್ದೆನೋ ಬಿದ್ದೆನೋ ಎಂದು ಓಡಿದ.

ಭಾವ ಕಿಟಕಿಯ ಬಳಿ ಕೂತಿದ್ದರು, ಮೂಗಿಗೆ ಕೊಳವೆ. ಪಕ್ಕದ ಬೀದಿಯ ಡಾಕ್ಟರ ಕ್ಲಿನಿಕ್ಕಿನಿಂದ ನೆರೆಯವರು ಸಿಲಿಂಡರ್ ಹೊತ್ತು ತಂದಿದ್ದರಂತೆ. ಸ್ವಲ್ಪ ತಡವಾಗಿದ್ದರೂ ಭಾವನ ಜೀವ ಉಳಿಯುತ್ತಿರಲಿಲ್ಲ.

ಅಕ್ಕ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ನಾನು ಮಾಡಿದ ಫೋನು ಒಂದೂ ಹೋಗ್ಲಿಲ್ಲ ಕಣೋ," ಎಂದಳು. "ನೀನಾದ್ರೂ ಒಂದ್ಸಲ ಮಾಡಿ ನೋಡಿದ್ರೆ ಗೊತ್ತಾಗ್ತಿತ್ತಲ್ಲ."

ಅಷ್ಟರಲ್ಲಿ ಸೂಪರ್‌ವೈಸರ್ ಫೋನು. "ಗಿರಣಿ ಕಡೆಯಿಂದ ದೂರಿನ ಸುರಿಮಳೆ ಕಣಯ್ಯಾ! ಎಲ್ಲಾ ಬಿಟ್ಟು ಮೊದ್ಲು ಅಲ್ಲಿಗೆ ಹೋಗು!"

"ಇಲ್ಲೇ ಇದ್ದೀನಿ ಸಾರ್," ಎನ್ನುತ್ತಾ ಅವನು ಅಕ್ಕನ ಪಕ್ಕ ಕೂತ.