ಅಕ್ಕನ ಸ್ಕ್ಯಾನು

ಆಕೆಯ ಕೆಲಸ ಮಿದುಳಿನ ಸ್ಕ್ಯಾನುಗಳಲ್ಲಿ ಚುಕ್ಕೆ ಹುಡುಕುವುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ನರಗಳ ಹೊದಿಕೆಯನ್ನು ಕೆಡಿಸಿದ ಕಡೆ ಬಿಳಿ ಕಲೆ ಕಾಣುತ್ತದೆ. ಪ್ರತಿಯೊಂದರ ಸುತ್ತ ಗೆರೆ ಎಳೆದು, ನಡುವೆ ಕಪ್ಪು ಎಳೆಯಂಥ ರಕ್ತನಾಳ ಹಾದಿದೆಯೇ ಎಂದು ನೋಡಬೇಕು. ನಾಳವಿರುವ ಕಲೆಗಳೇ ಹೆಚ್ಚಿದ್ದರೆ ಆ ಕಾಯಿಲೆಯ ಅನುಮಾನ ಬಲವಾಗುತ್ತದೆ. ಇಲ್ಲವಾದರೆ ಅದು ಬರೀ ಅರೆತಲೆನೋವಿನ ಗುರುತೂ ಇರಬಹುದು.

ಹೋಲಿಸಿ ನೋಡಲು ಆರೋಗ್ಯವಂತರ ಸ್ಕ್ಯಾನೂ ಬೇಕಿತ್ತು. ಯಾರೂ ಸಿಗದೆ, ಬಟ್ಟೆ ಹೊಲಿಯುವ ಅಕ್ಕನನ್ನೇ ಕಾಡಿಬೇಡಿ ಕರೆತಂದಳು. "ನನ್ನ ತಲೇಲಿ ಏನೇ ಇರತ್ತೆ? ಖಾಲಿ ಡಬ್ಬ ಅಂತ ಅಪ್ಪ ಯಾವತ್ತೋ ಹೇಳಿಯಾಗಿದೆ" ಎಂದು ನಗುತ್ತಲೇ ಅಕ್ಕ ಯಂತ್ರದೊಳಗೆ ಮಲಗಿದಳು.

ಮರುದಿನ ಬೆಳಿಗ್ಗೆ ಫೈಲು ತೆರೆದಳು. ಹೆಸರಿರಲಿಲ್ಲ, ಬರೀ ಸಂಖ್ಯೆ. ಆದರೆ ಹಿಂದಿನ ದಿನ ಆರೋಗ್ಯವಂತರ ಪಟ್ಟಿಯಲ್ಲಿದ್ದವಳು ಅಕ್ಕ ಒಬ್ಬಳೇ.

ಮಿದುಳಿನ ನಡುವೆ ನೀರು ತುಂಬಿದ ಕುಳಿಯ ಅಂಚಿಗೆ ಬಿಳಿ ಕಲೆಗಳು ಬೆರಳುಗಳಂತೆ ಎದ್ದು ನಿಂತಿದ್ದವು. ಎಣಿಸಿದಳು: ಒಂಬತ್ತು. ಮೊದಲನೆಯದನ್ನು ಹಿಗ್ಗಿಸಿದಳು. ನಾಳವಿತ್ತು. ಎರಡನೆಯದರಲ್ಲಿ ಇರಲಿಲ್ಲ, ಹೋದ ಉಸಿರು ಬಂದಂತಾಯಿತು. ಮೂರನೆಯದರಲ್ಲಿ ಇತ್ತು. ನಾಲ್ಕನೆಯದರಲ್ಲೂ. ಐದನೆಯದನ್ನು ತೆರೆಯಲು ಧೈರ್ಯ ಸಾಲಲಿಲ್ಲ.

ಪಕ್ಕದ ಕೋಣೆಗೆ ಹೋಗಿ, ಈ ಸ್ಕ್ಯಾನುಗಳ ಉಸ್ತುವಾರಿ ನೋಡುವ ಡಾಕ್ಟರಮ್ಮನ ಮುಂದೆ ನಿಂತಳು.

"ಮೇಡಂ, ಇದನ್ನ ನಾನು ನೋಡಬಾರದು. ನಮ್ಮಕ್ಕಂದು."

ಅವರು ಎದ್ದು ಬಂದು ಆಕೆಯ ಪರದೆಯ ಮುಂದೆ ಕುಳಿತರು. ಹದಿನೈದು ನಿಮಿಷ ಆಕೆ ಗೋಡೆ ಹಿಡಿದೇ ನಿಂತಿದ್ದಳು.

"ಒಂಬತ್ತು ಕಲೆಗಳ ಪೈಕಿ ಆರರಲ್ಲಿ ನಾಳ ಇದೆ. ಚಿತ್ರ ನೋಡಿ ಮಾತ್ರ ತೀರ್ಮಾನ ಮಾಡಕ್ಕಾಗಲ್ಲ. ಅವರನ್ನ ಕರೆಸು. ಹೇಳೋದು ನಾನು ಹೇಳ್ತೀನಿ."

ಅಕ್ಕ ಬಂದಳು. ಮೊದಲು ಯಾವಾಗಲಾದರೂ ಕೈಕಾಲು ಮರಗಟ್ಟಿದ್ದು, ಕಣ್ಣು ಮಂಜಾಗಿದ್ದು ಉಂಟೇ ಎಂದು ಡಾಕ್ಟರಮ್ಮ ಕೇಳಿದಾಗ ತಲೆ ತಗ್ಗಿಸಿದಳು.

"ಹೋದ ವರ್ಷ ಒಂದು ಕಣ್ಣು ಹದಿನೈದು ದಿನ ಮಬ್ಬಾಗಿತ್ತು. ಸೂಜಿಗೆ ದಾರ ಪೋಣಿಸಕ್ಕೇ ಆಗ್ತಿರಲಿಲ್ಲ."

"ಒಂದು ಮಾತು ಹೇಳಬಾರದಿತ್ತೇನೇ ಅಕ್ಕಾ?" ತಂಗಿ ಕೇಳಿದಳು.

"ನೀನು ದಿನಾ ಬಂದು ಹೇಳ್ತಿದ್ದ ಕಾಯಿಲೆ ಇದೇ ಇರಬಹುದು ಅಂತ ಅವಾಗ್ಲೇ ಅನಿಸಿತ್ತು ಕಣೇ. ಹೇಳಿದ್ರೆ ನಿಜ ಆಗಿಬಿಡತ್ತೇನೋ ಅಂತ ಹೆದರಿಕೆ."

ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನಡೆಸಿದ ಪರೀಕ್ಷೆಯೂ ಅದೇ ಕಾಯಿಲೆ ಎಂದಿತು. ಆ ವಾರವೇ ಔಷಧಿ ಶುರುವಾಯಿತು. ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಹೊಸ ಕಲೆ ಇರಲಿಲ್ಲ. ಅಕ್ಕ ಇನ್ನೂ ಹೊಲಿಯುತ್ತಾಳೆ. ಈ ಕಾಯಿಲೆ ಒಂದು ದಿನ ಕಾಲಿನ ಹಿಡಿತವನ್ನೂ ಕಸಿಯಬಹುದೆಂದು ಬಲ್ಲ ತಂಗಿ ಮಾತ್ರ, ಅಕ್ಕ ಮೆಟ್ಟಿಲಿಳಿಯುವ ಸದ್ದು ಕೇಳಿದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು, ಆ ಸದ್ದು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಉಸಿರು ಬಿಗಿಹಿಡಿದು ಕೂರುತ್ತಾಳೆ.